ಒಸಡಿನಲ್ಲಿ ರಕ್ತ ಬಂದರೆ ಸುಮ್ಮನಿರಬೇಡಿ



ನಾವು ಸಾಕ್ಷರತಾ ಕಾರ್ಯಕರ್ತರು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಊರುಗಳಲ್ಲಿ ಸಂಜೆ ನಿಮ್ಮ ಜೊತೆ ಕೂತು ಓದುತ್ತೇವೆ, ಬರೆಯುತ್ತೇವೆ. ಇವತ್ತು ನಮ್ಮ ಬಾಯಿಯ ವಿಷಯ ಮಾತಾಡೋಣ.

ಒಂದು ಪ್ರಶ್ನೆ ಕೇಳ್ತೀವಿ. ಬೆಳಿಗ್ಗೆ ಹಲ್ಲುಜ್ಜಿ ಉಗಿದಾಗ ರಕ್ತ ಕಾಣುತ್ತಾ? "ಅಯ್ಯೋ, ಅದು ದಿನಾ ಬತ್ತದೆ ಬುಡಿ, ನೋವೇನಿಲ್ಲ" ಅನ್ನುವವರು ನಮ್ಮಲ್ಲಿ ಬಹಳ ಜನ. ನೋವಿಲ್ಲವಲ್ಲ, ಅದೇ ಕಷ್ಟ. ಒಸಡಿನ ಕಾಯಿಲೆ ಸದ್ದಿಲ್ಲದೆ ಬೆಳೆಯುತ್ತದೆ.

ನಮ್ಮದು ಮುದ್ದೆ ಉಣ್ಣುವ ಸೀಮೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹಲ್ಲು ಅಲುಗಾಡಿದರೂ ಊಟ ನಡೆಯುತ್ತೆ. ಕಬ್ಬು ಸಿಗಿಯಲು ಹೋದಾಗ, ಮದ್ದೂರು ವಡೆ ಕಡಿಯಲು ಹೋದಾಗ ಗೊತ್ತಾಗುತ್ತೆ. ಅಷ್ಟು ಹೊತ್ತಿಗೆ ತಡವಾಗಿರುತ್ತೆ.

ಈ ಕಾಯಿಲೆ ಹೇಗೆ ಬರುತ್ತೆ?

ಹಲ್ಲಿನ ಮೇಲೆ ನಾಲಿಗೆ ಆಡಿಸಿ ನೋಡಿ. ಲೋಳೆಲೋಳೆ ಅನ್ನಿಸುತ್ತಾ? ಅದು ರೋಗಾಣುಗಳ ಪದರ. 1683ರಲ್ಲಿ ಹಾಲೆಂಡ್ ದೇಶದ ಲೇವನ್‌ಹುಕ್ ಎಂಬಾತ ತನ್ನ ಹಲ್ಲಿನ ಪಾಚಿ ತೆಗೆದು ತಾನೇ ಮಾಡಿದ ಮಸೂರದಲ್ಲಿ ನೋಡಿದ. ಅದರಲ್ಲಿ ಸಣ್ಣ ಸಣ್ಣ ಜೀವಿಗಳು ಓಡಾಡುತ್ತಿದ್ದವು. ಆತ ಬಟ್ಟೆ ವ್ಯಾಪಾರಿ. ದೊಡ್ಡ ಕಾಲೇಜು ಓದಿದವನಲ್ಲ.

ಈ ಲೋಳೆಯನ್ನು ದಿನಾ ತೆಗೆಯದಿದ್ದರೆ ಅದು ಗಟ್ಟಿಯಾಗುತ್ತೆ. ನೀರು ಕಾಯಿಸುವ ಹಂಡೆಯೊಳಗೆ ಸುಣ್ಣದಂಥ ಪದರ ಕಟ್ಟುತ್ತಲ್ಲ, ಹಾಗೆ. ಇದಕ್ಕೆ ಹಲ್ಲಿನ ಕಿಟ್ಟ ಅನ್ನೋಣ. ಆಗ ಒಸಡು ಊದಿಕೊಂಡು ಹಲ್ಲಿನಿಂದ ಬಿಡುತ್ತದೆ. ನಡುವೆ ಸಣ್ಣ ಸಂದು ಬೀಳುತ್ತದೆ.

ಹಿಂದೆ ನಮ್ಮೂರುಗಳಲ್ಲಿ ರಾಗಿ ತುಂಬುವ ಹಗೇವು ಇತ್ತು. ಹಗೇವು ತೆಗೆದ ಕೂಡಲೇ ಒಳಗೆ ಇಳಿಯಬಾರದು ಎಂದು ಹಿರಿಯರು ಹೇಳುತ್ತಿದ್ದರು. ಯಾಕೆ? ಒಳಗೆ ಒಳ್ಳೆಯ ಗಾಳಿ ಇರಲ್ಲ, ಜೀವ ಹೋಗುತ್ತೆ. ಒಸಡಿನ ಸಂದು ಕೂಡ ಪುಟ್ಟ ಹಗೇವು ಇದ್ದಂತೆ. ಅಲ್ಲಿ ಗಾಳಿ ಆಡಲ್ಲ. ಆದರೆ ಕೆಲವು ರೋಗಾಣುಗಳಿಗೆ ಗಾಳಿಯೇ ಆಗದು. ಗಾಳಿ ಇಲ್ಲದ ಕಡೆಯೇ ಅವು ಬೆಳೆಯುವುದು.

ಅಂಥ ಒಂದು ರೋಗಾಣುವಿನ ಹೆಸರು ಪಾರ್ಫಿರೊಮೊನಾಸ್. ಉದ್ದ ಹೆಸರು. ಬಿಡಿಸಿ ಓದಿ: ಪಾರ್-ಫಿ-ರೊ-ಮೊ-ನಾಸ್. ವಿಜ್ಞಾನಿಗಳು 1988ರಲ್ಲಿ ಈ ಹೆಸರಿಟ್ಟರು. ರಕ್ತದಲ್ಲಿರುವ ಕಬ್ಬಿಣದ ಅಂಶ ಇದರ ಆಹಾರ. ಒಸಡಿನಲ್ಲಿ ರಕ್ತ ಬಂದಷ್ಟೂ ಇದಕ್ಕೆ ಹಬ್ಬ. ಬಾಯಿ ವಾಸನೆಗೂ ಇಂಥವು ಕಾರಣ.

ಇದರ ಹತ್ತಿರದ ಬಂಧು ಇನ್ನೊಂದಿದೆ. ಹೆಸರು ಟ್ಯಾನರೆಲ್ಲ. ಅಮೆರಿಕದ ಬಾಸ್ಟನ್ ನಗರದ ಮಹಿಳಾ ವಿಜ್ಞಾನಿ ಆನ್ ಟ್ಯಾನರ್ ಇದರ ಬಗ್ಗೆ ಸಂಶೋಧನೆ ಮಾಡಿದರು. 2002ರಲ್ಲಿ ಅವರ ಹೆಸರನ್ನೇ ಇದಕ್ಕೆ ಇಟ್ಟರು. ನೋಡಿ, ಹೆಣ್ಣುಮಕ್ಕಳು ಏನೇನು ಕೆಲಸ ಮಾಡಿದ್ದಾರೆ!

ಹಲ್ಲು ಯಾಕೆ ಬೀಳುತ್ತೆ?

ರೋಗಾಣು ಬಂದಾಗ ನಮ್ಮ ಮೈ ಅದರ ಜೊತೆ ಹೋರಾಡುತ್ತೆ. ಈ ಹೋರಾಟ ವರ್ಷಗಟ್ಟಲೆ ನಡೆದರೆ ಹಲ್ಲು ಹಿಡಿದಿರುವ ಮೂಳೆಯೇ ಕರಗುತ್ತೆ. ನಾಲೆಯ ದಡದಲ್ಲಿ ತೆಂಗಿನ ಮರ ಇದೆ ಅನ್ನಿ. ನೀರು ಬುಡದ ಮಣ್ಣು ಕೊಚ್ಚಿದರೆ ಮರ ಗಟ್ಟಿಯಾಗಿದ್ದರೂ ಉರುಳುತ್ತೆ. ಹುಳುಕಿಲ್ಲದ ಹಲ್ಲೂ ಹೀಗೆಯೇ ಬೀಳುತ್ತೆ. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯಲ್ಲ.

ಯಾರು ಹೆಚ್ಚು ಜೋಪಾನವಾಗಿರಬೇಕು?

ಬಸುರಿಯರು. ಆ ಸಮಯದಲ್ಲಿ ಒಸಡು ಬೇಗ ಊದುತ್ತೆ. ಒಸಡಿನ ಕಾಯಿಲೆ ಇದ್ದವರಲ್ಲಿ ದಿನ ತುಂಬುವ ಮೊದಲೇ ಹೆರಿಗೆ ಆಗುವುದು ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ತಾಯಿ ಕಾರ್ಡ್ ತೋರಿಸಲು ಹೋದಾಗ ಬಾಯಿಯನ್ನೂ ತೋರಿಸಿ.

ಸಕ್ಕರೆ ಕಾಯಿಲೆ ಇರುವವರು. ಸಕ್ಕರೆ ಏರಿದರೆ ಒಸಡು ಕೆಡುತ್ತೆ. ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರು. ಹೊಗೆಸೊಪ್ಪು ಒಸಡನ್ನು ಸವೆಸುತ್ತೆ. ಬಾಯಿ ಕ್ಯಾನ್ಸರಿಗೂ ದಾರಿ ಮಾಡುತ್ತೆ. ಬೀಡಿ ಸೇದುವ ಗಂಡಸರಿಗೂ ಹೇಳಿ. ಬೀಡಿ ಸೇದಿದರೆ ಒಸಡಿನ ರಕ್ತ ಕಮ್ಮಿಯಾಗುತ್ತೆ, ಕಾಯಿಲೆ ಒಳಗೇ ಬೆಳೆಯುತ್ತೆ.

ನಾವೇನು ಮಾಡಬೇಕು?

ಬೂದಿ, ಇದ್ದಿಲು, ಇಟ್ಟಿಗೆ ಪುಡಿ ಬಿಡಿ. ಅವು ಹಲ್ಲು ಸವೆಸುತ್ತವೆ. ಮೆತ್ತನೆಯ ಬ್ರಷ್ ಮತ್ತು ಪೇಸ್ಟ್ ಬಳಸಿ. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಉಜ್ಜಿ. ಒಸಡು ಹಲ್ಲು ಸೇರುವ ಜಾಗದಲ್ಲಿ ನಿಧಾನವಾಗಿ ಉಜ್ಜಿ. ಒಬ್ಬರ ಬ್ರಷ್ ಇನ್ನೊಬ್ಬರು ಬಳಸಬೇಡಿ. ರಕ್ತ ಬರುತ್ತೆ ಅಂತ ಉಜ್ಜುವುದನ್ನು ನಿಲ್ಲಿಸಬೇಡಿ. ನಿಲ್ಲಿಸಿದರೆ ಲೋಳೆ ಇನ್ನೂ ಕಟ್ಟುತ್ತೆ.

ಗಟ್ಟಿಯಾದ ಕಿಟ್ಟ ಬ್ರಷ್ಷಿಗೆ ಬಗ್ಗಲ್ಲ. ಅದನ್ನು ಹಲ್ಲಿನ ವೈದ್ಯರೇ ತೆಗೆಯಬೇಕು. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಯ್ತದೆ" ಅಂತ ಹೆದರುವವರಿದ್ದಾರೆ. ಕಿಟ್ಟ ಹೋದ ಮೇಲೆ ಅದು ಮುಚ್ಚಿದ್ದ ಸಂದು ಕಾಣುತ್ತೆ, ಅಷ್ಟೇ. "ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಯ್ತದೆ" ಅನ್ನುವುದೂ ಸುಳ್ಳು.

ಮದ್ದೂರು, ಮಳವಳ್ಳಿಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆ. ಹಲ್ಲಿನ ವೈದ್ಯರು ಯಾವ ದಿನ, ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಚೀಟಿ ಕೊಡುವಲ್ಲಿ ಕೇಳಿ. ಬಾಗಿಲ ಮೇಲೆ "ದಂತ ವಿಭಾಗ" ಎಂದು ಬರೆದಿರುವ ಕಡೆ ಹೋಗಿ. ಈಗ ನಿಮಗೆ ಓದಲು ಬರುತ್ತೆ. ಯಾರನ್ನೂ ಕೇಳಬೇಕಿಲ್ಲ.

ಮನೆಯವರ ಕಾಯಿಲೆಗೆ ಓಡುವ ನಾವು ನಮ್ಮ ಕಾಯಿಲೆಯನ್ನು ನಾಳೆಗೆ ತಳ್ಳುತ್ತೇವೆ. ಇದೊಂದನ್ನು ತಳ್ಳಬೇಡಿ. ಇವತ್ತು ರಾತ್ರಿ ಕನ್ನಡಿ ಮುಂದೆ ನಿಂತು ಒಸಡು ನೋಡಿಕೊಳ್ಳಿ. ಕೆಂಪಾಗಿ ಊದಿದೆಯೇ, ರಕ್ತ ಬರುತ್ತದೆಯೇ, ಹಲ್ಲು ಅಲ್ಲಾಡುತ್ತದೆಯೇ? ಕಂಡದ್ದನ್ನು ನಿಮ್ಮ ಪುಸ್ತಕದಲ್ಲಿ ಬರೆದು ನಾಳೆ ತನ್ನಿ. ಯಾರ್ಯಾರು ಆಸ್ಪತ್ರೆಗೆ ಹೋಗಬೇಕು ಎಂದು ಪಟ್ಟಿ ಮಾಡೋಣ. ಒಟ್ಟಿಗೆ ಒಂದೇ ಬಸ್ಸಿನಲ್ಲಿ ಹೋಗಿ ಬರೋಣ.