ಮಗನ ಮುಂದೆ ಹೇಳಲಾರದ ಮಾತು



ನಮ್ಮ ಕ್ರೋಂಪೇಟೆಯ ನೆರೆಯ ತಾಂಬರಂ ಸ್ಯಾನಟೋರಿಯಂ 1928ರಲ್ಲಿ ಡಾ. ಚೌರಿ ಮುತ್ತು ಅವರು ಕ್ಷಯರೋಗಿಗಳಿಗಾಗಿ ಸ್ಥಾಪಿಸಿದ್ದು. ಮಗಳ ಮದುವೆಗೆ ಅಡ್ಡಿಯಾದೀತೆಂದು ಕೆಮ್ಮನ್ನು ವೈದ್ಯರಿಂದಲೂ ಮರೆಮಾಚಿದವರುಂಟು. ಆದರೆ ಹೊರನಾಡಿಗರಾದ ನಮ್ಮ ಮೌನಕ್ಕೆ ಇನ್ನೊಂದು ಕಾರಣವಿದೆ: ದುಭಾಷಿ.

ತಮಿಳು ಬಾರದ ನನ್ನ ತಾಯಿಯವರೊಡನೆ ನಾನೇ ಆಸ್ಪತ್ರೆಗೆ ಹೋಗುತ್ತಿದ್ದೆ. ಅವರು ಮಂಡಿನೋವು ಎಂದರು. ನಾನು ಅದನ್ನೇ ತಮಿಳಿನಲ್ಲಿ ಒಪ್ಪಿಸಿದೆ. ನನ್ನ ತಮಿಳಿನ ಬಗ್ಗೆ ಹೆಮ್ಮೆ ಬೇರೆ! ಮುಟ್ಟು ನಿಂತು ಎಷ್ಟೋ ವರ್ಷಗಳ ಮೇಲೆ ಕಾಣಿಸಿಕೊಂಡ ರಕ್ತಸ್ರಾವವನ್ನು ಅವರು ತಿಂಗಳುಗಟ್ಟಲೆ ನುಂಗಿಕೊಂಡಿದ್ದರು. ತಡಮಾಡದೆ ಪರೀಕ್ಷಿಸಬೇಕಾದ ಲಕ್ಷಣವದು. ಮಗನ ಬಾಯಿಂದ ಅದನ್ನು ಹೇಳಿಸುವುದಾದರೂ ಹೇಗೆ? ಕೊನೆಗೆ ಹೇಳಿದ್ದು ಸೊಸೆಗೆ.

ಇಂತಹ ತಾಯಂದಿರೊಡನೆ ನಮ್ಮ ಸಂಘದ ಸೋದರಿಯರು ಹೋಗಬಾರದೇಕೆ? ಮಗ ಹೊರಗೆ ಬೆಂಚಿನ ಮೇಲೆ ಕುಳಿತಿರಲಿ.