ಒಂದೇ ಬೇಲಿಯ ಹೂವು

(ಸುವರ್ಣ ಮಹೋತ್ಸವದ ಸಮಾರೋಪದಂದು ಶಾಲೆಯ ಹಳೆ ವಿದ್ಯಾರ್ಥಿಯೂ ಕ್ಯಾಥೊಲಿಕ್ ಧರ್ಮಗುರುಗಳೂ ಆದವರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ನಿರೂಪಕರು ನನ್ನನ್ನು ‘ವಂದನೀಯ ಫಾದರ್’ ಎಂದು ಕರೆದರು. ಈ ಅಂಗಳದಲ್ಲಿ ಆ ಹೆಸರು ನನಗೆ ಒಗ್ಗುವುದಿಲ್ಲ. ಇಲ್ಲಿ ನಾನು ಗಣಿತದಲ್ಲಿ ಸರಿಯಾಗಿ 35 ಅಂಕ ಪಡೆದು ಪಾಸಾದ ಹುಡುಗ. ಆ 35ರಲ್ಲಿ ಎಷ್ಟು ಅಂಕ ಗುರುಗಳ ಕರುಣೆಯದು ಎಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಅವರಿಗೇ ಗೊತ್ತು.

‘ನಂಬಿಕೆ ಮತ್ತು ದಿನನಿತ್ಯದ ಬದುಕು’ ಎಂಬ ವಿಷಯ ಕೊಟ್ಟಿದ್ದೀರಿ. ಚರ್ಚಿನಲ್ಲಿ ಹೇಳುವ ಪ್ರವಚನವನ್ನು ಇಲ್ಲಿ ಹೇಳುವುದಿಲ್ಲ. ಈ ಊರಿನಲ್ಲಿ ನಾನು ಕಲಿತದ್ದನ್ನು, ಒಮ್ಮೆ ತಪ್ಪಿದ್ದನ್ನು ಹೇಳುತ್ತೇನೆ.

ನಮ್ಮ ಮನೆಮಾತು ಕೊಂಕಣಿ. ಗದ್ದೆಯಲ್ಲಿ, ಬಸ್ಸಿನಲ್ಲಿ, ಕಬಡ್ಡಿ ಆಟದಲ್ಲಿ ತುಳು. ಕನ್ನಡ ಸಿಕ್ಕಿದ್ದು ಶಾಲೆಯಲ್ಲಿ. ಅಮ್ಮನ ಹತ್ತಿರ ಒಂದು ಹಳೆಯ ಪ್ರಾರ್ಥನಾ ಪುಸ್ತಕವಿತ್ತು. ಮಾತು ಕೊಂಕಣಿ, ಅಕ್ಷರ ಕನ್ನಡ. ನಮ್ಮ ಕರಾವಳಿಯ ಕ್ರೈಸ್ತರು ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲೇ. 1938ರಲ್ಲಿ ಮಂಗಳೂರಿನಲ್ಲಿ ಆರಂಭವಾದ ‘ರಾಕ್ಣೊ’ ಪತ್ರಿಕೆಯೂ ಅದೇ ಲಿಪಿಯದು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಸಂಜೆ ಜಪಮಾಲೆ ಮುಗಿದ ಮೇಲೆ ಆ ಪುಸ್ತಕವನ್ನು ನಾನು ಓದಿ ಹೇಳುತ್ತಿದ್ದೆ. ಸರಕಾರಿ ಶಾಲೆಯ ಮೇಷ್ಟ್ರು ಕಲಿಸಿದ ಅಕ್ಷರದಿಂದ ನಮ್ಮ ಮನೆಯ ಪ್ರಾರ್ಥನೆ ನಡೆಯುತ್ತಿತ್ತು. ಹೈಸ್ಕೂಲಿನ ಕನ್ನಡ ಪಂಡಿತರು ನನ್ನ ಉಚ್ಚಾರ ತಿದ್ದುತ್ತಾ, “ನಿನ್ನ ದೇವರಿಗೆ ಅಲ್ಪಪ್ರಾಣವೂ ಸಾಕಾದೀತು, ಪರೀಕ್ಷೆಯವರಿಗೆ ಮಹಾಪ್ರಾಣವೇ ಬೇಕು ಮಾರಾಯ” ಎನ್ನುತ್ತಿದ್ದರು.

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಹೂವಿನ ಬೇಲಿ. ದಾಸವಾಳ, ರಥಪುಷ್ಪ. ಆ ಮನೆಯ ಹುಡುಗ ನನ್ನದೇ ಬೆಂಚಿನವನು. ಈಗ ಇಲ್ಲೇ ಕುಳಿತಿದ್ದಾನೆ, ಹೆಸರು ಹೇಳಬಾರದೆಂದು ಆಣೆ ಹಾಕಿಸಿದ್ದಾನೆ. ಸೋಣ ತಿಂಗಳಲ್ಲಿ ಅವರಿಗೆ ಹೊಸ್ತಿಲು ಪೂಜೆಗೆ ಹೂವು ಬೇಕು. ಆಗಸ್ಟ್ 30ರಿಂದ ಒಂಬತ್ತು ದಿನ ನಮಗೆ ಮಾತೆ ಮರಿಯಮ್ಮನ ನೊವೆನಾಕ್ಕೆ ಹೂವು ಬೇಕು. ಬೇಲಿ ಒಂದೇ. ಮೊದಲು ಎದ್ದವನಿಗೆ ಹೆಚ್ಚು ಹೂವು. ಜಗಳ ಬಂದರೆ ಅವನ ಅಮ್ಮ ಎರಡು ಬುಟ್ಟಿ ಇಟ್ಟು ಪಾಲು ಮಾಡುತ್ತಿದ್ದರು. ಮರಿಯಮ್ಮನ ಬುಟ್ಟಿಗೆ ಯಾವತ್ತೂ ಒಂದು ಹಿಡಿ ಹೆಚ್ಚೇ ಬೀಳುತ್ತಿತ್ತು.

ಸೆಪ್ಟೆಂಬರ್ 8ರಂದು ನಮಗೆ ತೆನೆ ಹಬ್ಬ. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಹಂಚಿಕೊಳ್ಳುತ್ತೇವೆ. ಆ ದಿನ ಮೀನು ಮಾಂಸವಿಲ್ಲ, ಬಾಳೆ ಎಲೆಯ ಊಟ. ಮುಂಬಯಿಯಲ್ಲಿದ್ದ ಚಿಕ್ಕಪ್ಪನಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿ ಹಾಕಿ ಕಳುಹಿಸುತ್ತಿದ್ದೆವು. ಬೇಲಿಯಾಚೆ ಅವರೂ ತೆನೆ ಕಟ್ಟಿ ಹೊಸಕ್ಕಿ ಊಟ ಮಾಡುತ್ತಿದ್ದರು. ಬೆಳೆಗೆ ಕೃತಜ್ಞತೆ ಹೇಳದೆ ಉಣ್ಣಬಾರದು ಎಂಬುದು ಎರಡೂ ಮನೆಗಳಲ್ಲಿ ಇದ್ದ ಮಾತು.

ಇಷ್ಟೆಲ್ಲ ಕಂಡು ಬೆಳೆದ ನಾನು ಒಂದು ತಪ್ಪು ಮಾಡಿದೆ. ಗುರುದೀಕ್ಷೆ ಪಡೆದ ಮೊದಲ ವರ್ಷ. ಎರಡು ದಿನದ ರಜೆಯಲ್ಲಿ ಮನೆಗೆ ಬಂದಾಗ ಗೆಳೆಯನ ತಂದೆ ತೀರಿಕೊಂಡರು. ನನ್ನನ್ನು ಹೆಗಲ ಮೇಲೆ ಕೂರಿಸಿ ಕಂಬಳ ತೋರಿಸಿದ ಮನುಷ್ಯ. ಬಿಳಿ ನಿಲುವಂಗಿ ತೊಟ್ಟು ಹೊರಟೆ. ಅವರ ದಣಪೆಯ ಹತ್ತಿರ ಕಾಲು ನಿಂತಿತು. ಪಾದ್ರಿ ಬಂದದ್ದು ಅವರ ನೆಂಟರಿಗೆ ಸರಿ ಕಾಣುತ್ತದೋ ಇಲ್ಲವೋ, ನಮ್ಮವರು ಏನೆನ್ನುತ್ತಾರೋ, ಒಳಗೆ ಹೋಗಿ ಏನು ಮಾಡಲಿ, ಎಲ್ಲಿ ನಿಲ್ಲಲಿ ಎಂದೆಲ್ಲ ಯೋಚಿಸಿದೆ. ಸ್ವಲ್ಪ ಹೊತ್ತು ನಿಂತು ಹಿಂದೆ ಬಂದೆ.

ಆ ಹೊತ್ತಿಗೆ ನಾನು ಸೆಮಿನರಿಯಲ್ಲಿ ವರ್ಷಗಟ್ಟಲೆ ಓದಿದ್ದೆ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಕ್ಯಾಥೊಲಿಕ್ ಧರ್ಮಸಭೆ ನಿರಾಕರಿಸುವುದಿಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಘೋಷಿಸಿತು. ಆ ಘೋಷಣೆಯ ಬಗ್ಗೆ ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದಿದ್ದೆ, ಒಳ್ಳೆಯ ಅಂಕವೂ ಬಂದಿತ್ತು. ನಾಲ್ಕು ಪುಟ ಬರೆದವನಿಗೆ ದಣಪೆ ದಾಟಿ ನಾಲ್ಕು ಹೆಜ್ಜೆ ಇಡಲಾಗಲಿಲ್ಲ.

ವರ್ಷಗಳು ಕಳೆದವು. ಒಂದು ಆಟಿ ತಿಂಗಳಲ್ಲಿ ನನ್ನ ಅಮ್ಮ ಹೋದರು. ಮೂರು ದಿನದಿಂದ ಎಡೆಬಿಡದ ಮಳೆ. ತೋಡು ಉಕ್ಕಿ ರಸ್ತೆ ಮುಳುಗಿತ್ತು, ಮನೆಯ ತನಕ ಗಾಡಿ ಬರುವಂತಿರಲಿಲ್ಲ. ಈ ಗೆಳೆಯ ತನ್ನ ತಮ್ಮಂದಿರನ್ನು ಕರೆದುಕೊಂಡು ಬಂದ. ನಾವೇನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಪೆಟ್ಟಿಗೆಗೆ ಹೆಗಲು ಕೊಟ್ಟು, ಮೊಣಕಾಲುದ್ದ ಕೆಸರಿನಲ್ಲಿ ಗದ್ದೆಯ ಅಂಚಿನ ಮೇಲೆ ಮುಖ್ಯರಸ್ತೆಯ ತನಕ ಹೊತ್ತ. ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಒದ್ದೆ ಬಟ್ಟೆಯಲ್ಲೇ ಕುಳಿತ. ಎಲ್ಲರೂ ಎದ್ದಾಗ ಎದ್ದ, ಕುಳಿತಾಗ ಕುಳಿತ. ಬಲಿಪೂಜೆ ಅರ್ಪಿಸುತ್ತಿದ್ದ ನಾನು ಅವನ ಕಡೆ ನೋಡಲಾರದೆ ಹೋದೆ.

ಆ ನವರಾತ್ರಿಯಲ್ಲಿ ಅವರ ಮನೆಯ ಹೊಸಕ್ಕಿ ಊಟಕ್ಕೆ ಹೋದೆ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಹಳೆಯ ಸಂಗತಿ ಹೇಳಿ ಕ್ಷಮೆ ಕೇಳಿದೆ. ಅವನು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, “ನೀನು ದಣಪೆಯ ಹತ್ತಿರ ನಿಂತದ್ದನ್ನು ಅಮ್ಮ ನೋಡಿದ್ದರು. ಬಾಯಮ್ಮನ ಮಗ ಬಂದಿದ್ದ, ದುಃಖದಲ್ಲಿ ಒಳಗೆ ಕರೆಯಲಾಗಲಿಲ್ಲವಲ್ಲ ಅಂತ ಅವರು ಈಗಲೂ ಹೇಳ್ತಾರೆ” ಎಂದ.

ನನ್ನ ತಪ್ಪನ್ನು ಆ ತಾಯಿ ಅಷ್ಟು ವರ್ಷ ತಮ್ಮ ತಪ್ಪೆಂದು ಹೊತ್ತುಕೊಂಡಿದ್ದರು. ನಾನು ಎಷ್ಟೋ ಜನರ ಪಾಪನಿವೇದನೆ ಕೇಳಿದ್ದೇನೆ. ಕ್ಷಮೆ ಎಂದರೇನೆಂದು ನನಗೆ ತಿಳಿದದ್ದು ಆ ಜಗಲಿಯಲ್ಲಿ. ಎದ್ದು ಒಳಗೆ ಹೋಗಿ ಆ ತಾಯಿಯ ಕಾಲು ಮುಟ್ಟಿದೆ. ಅವರು ಕೇಳಿದ್ದು ಒಂದೇ: “ಪಾಯಸ ಸಾಕಾಯಿತಾ ಮಗ?”

ಈಗ ನಮ್ಮ ಗದ್ದೆ ಹಡಿಲು ಬಿದ್ದಿದೆ. ತಮ್ಮಂದಿರು ಗಲ್ಫಿನಲ್ಲಿದ್ದಾರೆ. ಊರಿನ ಚರ್ಚಿನ ತೆನೆ ಹಬ್ಬಕ್ಕೆ ತೆನೆ ಬರುವುದು ಈ ಗೆಳೆಯನ ಗದ್ದೆಯಿಂದ. ಹಬ್ಬದ ಹಿಂದಿನ ದಿನ ಸ್ನಾನ ಮಾಡಿ, ತಾನೇ ಕೊಯ್ದು ತಂದು ಕೊಡುತ್ತಾನೆ. ದುಡ್ಡು ಕೊಡಹೋದರೆ ಬೈಯುತ್ತಾನೆ.

ಕೊನೆಗೆ ಈ ಶಾಲೆಯ ಬಗ್ಗೆ ಒಂದು ಮಾತು. ನಮ್ಮ ಬೆಂಚಿನಲ್ಲಿ ಭಟ್ಟರ ಮನೆಯವನು, ಬ್ಯಾರಿಗಳ ಮನೆಯವನು, ಮೂರ್ತೆ ಮಾಡುವವರ ಮನೆಯವನು, ಪೊರ್ಬುಗಳ ಮನೆಯ ನಾನು ಒತ್ತಿಕೊಂಡು ಕುಳಿತಿದ್ದೆವು. ಒಬ್ಬನ ಬುತ್ತಿಯಲ್ಲಿ ಏನಿದೆಯೆಂದು ಉಳಿದವರಿಗೆ ಗೊತ್ತಿತ್ತು. ಈಗ ಮಕ್ಕಳು ಬೇರೆ ಬೇರೆ ಬಣ್ಣದ ಬಸ್ಸು ಹತ್ತಿ ಬೇರೆ ಬೇರೆ ಶಾಲೆಗೆ ಹೋಗುತ್ತಾರೆ. ನಮ್ಮ ಧರ್ಮಸಭೆಯೂ ಶಾಲೆಗಳನ್ನು ನಡೆಸುತ್ತದೆ, ಆದ್ದರಿಂದ ಇದರಲ್ಲಿ ನನ್ನ ಪಾಲೂ ಇದೆ ಎಂದು ಒಪ್ಪಿಕೊಂಡೇ ಹೇಳುತ್ತೇನೆ: ಊರಿನ ಎಲ್ಲ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಜಾಗ ಈ ಊರಿಗೆ ಇನ್ನೊಂದಿಲ್ಲ. ಇದನ್ನು ಮುಚ್ಚಲು ಬಿಡಬೇಡಿ.

ವಿದ್ಯಾರ್ಥಿಗಳೇ, ಗೆಳೆಯನ ಮನೆಯಲ್ಲಿ ಸಾವಾದರೆ, ಹಬ್ಬವಾದರೆ, ಹೋಗಿ. ಏನು ಮಾಡಬೇಕೆಂದು ಗೊತ್ತಿಲ್ಲದಿದ್ದರೂ ಹೋಗಿ. ದಣಪೆಯ ಹತ್ತಿರ ನಿಲ್ಲಬೇಡಿ.

ದೇವರು ನಮ್ಮೆಲ್ಲರಿಗೂ ಒಳ್ಳೆಯದು ಮಾಡಲಿ.