ಕೈಯಲ್ಲಿ ಚೆಂಡಿಲ್ಲದವರ ಆಟ

ನೆಟ್‌ಬಾಲ್‌ನಲ್ಲಿ ಚೆಂಡು ಸಿಕ್ಕ ಹುಡುಗಿ ಅದನ್ನು ಹಿಡಿದು ಓಡುವಂತಿಲ್ಲ. ಬ್ಯಾಸ್ಕೆಟ್‌ಬಾಲಿನ ಹಾಗೆ ನೆಲಕ್ಕೆ ತಟ್ಟಿಕೊಂಡು ಸಾಗುವಂತೆಯೂ ಇಲ್ಲ. ಮೊದಲು ಊರಿದ ಕಾಲನ್ನು ಎತ್ತಿದರೆ, ಅದು ಮತ್ತೆ ನೆಲ ಮುಟ್ಟುವ ಮುಂಚೆ ಚೆಂಡು ಕೈಬಿಟ್ಟಿರಬೇಕು. ಎದುರಾಳಿ 90 ಸೆಂಟಿಮೀಟರ್ ದೂರದಲ್ಲಿ ಕೈ ಚಾಚಿ ನಿಂತಿರುತ್ತಾಳೆ. ಸಿಗುವುದು ಬರೀ 3 ಸೆಕೆಂಡು. ಅಷ್ಟರಲ್ಲಿ ಯಾರಿಗೆ ಎಂದು ನಿರ್ಧರಿಸಿ ಕೊಟ್ಟುಬಿಡಬೇಕು.

ಹಾಗಾಗಿ ಈ ಆಟದ ಹೆಚ್ಚಿನ ದುಡಿಮೆ ಚೆಂಡಿಲ್ಲದವರದು. ಗೆಳತಿಯ ಕೈಗೆ ಚೆಂಡು ಬರುವ ಮೊದಲೇ ಅವಳ ಕಣ್ಣಿಗೆ ಬೀಳುವ ಜಾಗಕ್ಕೆ ಓಡಿರಬೇಕು. ಹತ್ತು ಸಲ ಓಡಿದರೆ ಎರಡು ಸಲ ಚೆಂಡು ಬಂದೀತು. ಬಾರದಿದ್ದಾಗ ಮುಖ ಸಣ್ಣದು ಮಾಡಿಕೊಳ್ಳದೆ ಹನ್ನೊಂದನೆಯ ಸಲವೂ ಓಡುವುದಿದೆಯಲ್ಲ, ಆ ಅಭ್ಯಾಸ ಹದಿನಾಲ್ಕು ವರ್ಷದ ಹುಡುಗಿಯೊಳಗೆ ಮಾಡುವ ಕೆಲಸ ದೊಡ್ಡದು.

ತಂಡದಲ್ಲಿ ಏಳು ಜನ. ಯಾರ ಜಾಗ ಯಾವುದೆಂದು ತಿಳಿಸುವ ಅಕ್ಷರ ಎಲ್ಲರ ಎದೆಯ ಮೇಲಿರುತ್ತದೆ. ಗೋಲು ಹಾಕುವ ಹಕ್ಕು ಗೋಲ್ ಶೂಟರ್ ಮತ್ತು ಗೋಲ್ ಅಟ್ಯಾಕ್ ಇಬ್ಬರಿಗೆ ಮಾತ್ರ. ಉಳಿದ ಐವರು ಗೆಲುವಿಗಾಗಿ ಬೆವರು ಸುರಿಸುತ್ತಾರೆ, ಗೋಲಿನ ಲೆಕ್ಕದಲ್ಲಿ ಅವರ ಹೆಸರೇ ಇರುವುದಿಲ್ಲ.

ಕೋಲಾರ ಜಿಲ್ಲೆಯಲ್ಲಿ ಚಿನ್ನದ ಗಣಿಯಿದ್ದ ಕೆಜಿಎಫ್ ಮತ್ತು ಪಕ್ಕದ ಬಂಗಾರಪೇಟೆಯ ಹೆಣ್ಣುಮಕ್ಕಳಿಗೆ ಇಂಥ ಆಟ ಬೇಕು. ಗಣಿಯ ಕಾಲದಲ್ಲಿ ಅಲ್ಲಿ ಹಾಕಿ, ಫುಟ್‌ಬಾಲ್‌ಗಳ ಹುರುಪು ಜೋರಾಗಿತ್ತು, ಆದರೆ ಮೈದಾನ ಬಹುಪಾಲು ಗಂಡಸರದೇ ಆಗಿತ್ತು. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಈಗ ಎಷ್ಟೋ ಮನೆಗಳಲ್ಲಿ ದೊಡ್ಡವರು ಕೆಲಸಕ್ಕಾಗಿ ನಸುಕಿಗೇ ಎದ್ದು, ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗುವ ರೈಲು ಹಿಡಿಯಬೇಕು. ಅಪ್ಪ ಅಮ್ಮ ದುಡಿದು ಮರಳುವಷ್ಟರಲ್ಲಿ ಕತ್ತಲಾಗಿರುತ್ತದೆ. ಅಲ್ಲಿಯವರೆಗೆ ಮನೆ, ತಮ್ಮ, ತಂಗಿ ಎಲ್ಲ ಹಿರಿಮಗಳ ಪಾಲು. ಯಾರಿಗೂ ಕಾಣದ ದುಡಿಮೆ ಅವಳಿಗೆ ಹೊಸದಲ್ಲ. ಆದರೆ ಅದೇ ದುಡಿಮೆಯನ್ನು ಆರು ಜನ ಗೆಳತಿಯರು ಕಂಡು, ಕೂಗಿ ಕರೆದು, ಚೆಂಡು ಕೊಡುವ ಅನುಭವ ಅವಳಿಗೆ ಹೊಸದು. ತಮಿಳು, ತೆಲುಗು, ಕನ್ನಡ, ಉರ್ದು ಬೆರೆತ ಊರಿನಲ್ಲಿ ಆ ಕೂಗು ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ.

ಹಣವಿದ್ದವರ ಆಟ ಎನ್ನುವ ಹಾಗೂ ಇಲ್ಲ. ಬಡ ದೇಶವಾದ ಮಲಾವಿಯ ಹೆಣ್ಣುಮಕ್ಕಳು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬಲಾಢ್ಯ ನ್ಯೂಜಿಲೆಂಡನ್ನು 57–53ರಿಂದ ಸೋಲಿಸಿದರು. ಭಾರತದಲ್ಲಿ ಈ ಆಟ ಹೆಚ್ಚು ಜನರ ಕಿವಿಗೆ ಬಿದ್ದದ್ದು 2010ರ ದೆಹಲಿ ಕೂಟದಲ್ಲಿ. ಆಗ ತಂಡದ ನಾಯಕಿ ಪ್ರಾಚಿ ತೆಹ್ಲಾನ್‌ಗೆ ಇನ್ನೂ 17 ವರ್ಷ. ಆ ಸಲ ಪದಕ ಬರಲಿಲ್ಲ. ಮರುವರ್ಷ ದಕ್ಷಿಣ ಏಷ್ಯಾ ಬೀಚ್ ಕ್ರೀಡಾಕೂಟದಲ್ಲಿ ಅವರದೇ ನಾಯಕತ್ವದಲ್ಲಿ ಬೆಳ್ಳಿ ಬಂತು.

ಬೇಕಾದ ಸಾಮಾನೂ ಕಡಿಮೆಯೇ. 30.5 ಮೀಟರ್ ಉದ್ದ, 15.25 ಮೀಟರ್ ಅಗಲದ ಜಾಗ, 3.05 ಮೀಟರ್ ಎತ್ತರದ ಎರಡು ಕಂಬ, ಕಂಬದ ತುದಿಗೊಂದು ಬಳೆ, ಗೆರೆ ಎಳೆಯಲು ಸುಣ್ಣದ ಪುಡಿ. ಬಳೆಯ ಹಿಂದೆ ಹಲಗೆ ಇರುವುದಿಲ್ಲ, ಆ ಖರ್ಚೂ ಉಳಿಯಿತು. ಕೆಜಿಎಫ್‌ನಲ್ಲಾದರೆ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳ ದೂಳು ಬೀಸದ ಕಡೆ ಅಂಕಣ ಹಾಕಬೇಕು. ಬೇಸಿಗೆಯ ಗಾಳಿಗೆ ಮಕ್ಕಳ ಎದೆ ಒಡ್ಡಬಾರದು.

ಕಲಿಸುವ ಪಿ.ಟಿ. ಮೇಷ್ಟ್ರು, ಮೇಡಂಗಳು ಒಂದು ಕೆಲಸ ಮಾಡಬಹುದು. ಉದ್ದ ಇದ್ದಾಳೆಂದು ಒಬ್ಬಳನ್ನೇ ವರ್ಷವಿಡೀ ಶೂಟರ್ ಮಾಡದೆ, ಅಭ್ಯಾಸದಲ್ಲಿ ವಾರಕ್ಕೊಮ್ಮೆ ಎದೆಯ ಅಕ್ಷರ ಅದಲುಬದಲು ಮಾಡಿಸಬೇಕು. ಆಗ ದಿನಾ ಗೋಲು ಹಾಕುವವಳು ಒಂದು ವಾರ ಗೋಲು ಕಾಯುತ್ತಾಳೆ, ದಿನಾ ಕಾಯುವವಳಿಗೆ ಬಳೆಯ ಕೆಳಗೆ ನಿಂತು ಗುರಿ ಇಡುವ ಸರದಿ ಬರುತ್ತದೆ.